ಆಮದು ತಂತ್ರಾಂಶದ ಪರೀಕ್ಷೆ: ಗ್ರಂಥಸಂಪಾದನೆಯ ಹೊಸ ಹೊಣೆ

ಕನ್ನಡ ಸಂಶೋಧನೆಯ ಆಕರಸಾಮಗ್ರಿಯು ಕಳೆದ ಕೆಲವು ದಶಕಗಳಲ್ಲಿ ಎರಡು ಬಾರಿ ತನ್ನ ನೆಲೆಯನ್ನು ಬದಲಿಸಿದೆ. ಮೊದಲನೆಯದು ಕಾಗದದಿಂದ ಗಣಕಯಂತ್ರಕ್ಕೆ ಆದ ಸ್ಥಳಾಂತರ. ಹಸ್ತಪ್ರತಿಗಳ ವಿವರಣಾತ್ಮಕ ಸೂಚಿ, ಶಾಸನಪಾಠ, ಪದಕೋಶದ ಚೀಟಿ, ಜಾನಪದ ಕ್ಷೇತ್ರಕಾರ್ಯದ ಟಿಪ್ಪಣಿ ಮೊದಲಾದವು 1990 ಮತ್ತು 2000ದ ದಶಕಗಳಲ್ಲಿ ನುಡಿ, ಬರಹ, ಶ್ರೀಲಿಪಿಗಳಂತಹ ತಂತ್ರಾಂಶಗಳ ಮೂಲಕ ಬೆರಳಚ್ಚಾದವು. ಎರಡನೆಯದು ಆ ಹಳೆಯ ಕಡತಗಳಿಂದ ಯೂನಿಕೋಡ್ ಆಧಾರಿತ ದಾಖಲೀಕರಣ ತಂತ್ರಾಂಶಗಳಿಗೆ ಆಗುತ್ತಿರುವ ಸ್ಥಳಾಂತರ. ಇದು ಇನ್ನೂ ಮುಗಿದಿಲ್ಲ. ಈ ಎರಡನೆಯ ಸ್ಥಳಾಂತರವನ್ನು ನಡೆಸುವುದು ಆಮದು ಪ್ಲಗಿನ್ ಎಂಬ ಒಂದು ಚಿಕ್ಕ ಸಹಾಯಕ ತಂತ್ರಾಂಶ.

ಈ ಕೆಲಸವನ್ನು ಕಪಾಟಿನ ಪುಸ್ತಕಗಳನ್ನು ಬೇರೊಂದು ಕೋಣೆಗೆ ಸಾಗಿಸುವುದಕ್ಕೆ ಸಮಾನವೆಂದು ಭಾವಿಸುವ ವಾಡಿಕೆ ಬೆಳೆದಿದೆ. ಸಾಗಣೆ ತಂತ್ರಜ್ಞರ ಕೆಲಸ, ಓದು ವಿದ್ವಾಂಸರ ಕೆಲಸ ಎಂಬ ವಿಭಜನೆಯೂ ಇದರ ಹಿಂದಿದೆ. ಆದರೆ ಆಮದು ಮಾಡುವ ತಂತ್ರಾಂಶವು ಪಠ್ಯವನ್ನು ಹೊತ್ತು ತರುವುದಿಲ್ಲ; ಅದನ್ನು ಅಕ್ಷರ ಅಕ್ಷರವಾಗಿ ಓದಿ ಹೊಸದಾಗಿ ಬರೆಯುತ್ತದೆ. ಅರ್ಥಾತ್ ಅದು ಪ್ರತಿ ಮಾಡುತ್ತದೆ. ಪ್ರತಿ ಮಾಡುವ ಕ್ರಿಯೆ ಇರುವೆಡೆಯಲ್ಲೆಲ್ಲ ಪಾಠಪರಿಶೀಲನೆಯ ಹೊಣೆಯೂ ಇರುತ್ತದೆ. ಆ ಹೊಣೆಯ ಇಂದಿನ ರೂಪವೇ ಸ್ವಯಂಚಾಲಿತ ಪರೀಕ್ಷೆ. ಅದರ ಚೌಕಟ್ಟನ್ನು ತಂತ್ರಜ್ಞರು ಒದಗಿಸಬಲ್ಲರು. ಅದರ ಒಳವಸ್ತುವನ್ನು ಕನ್ನಡ ಬಲ್ಲವರೇ ಒದಗಿಸಬೇಕು ಎಂಬುದು ಪ್ರಸ್ತುತ ಲೇಖನದ ನಿಲುವು.

1

ಮೊದಲಿಗೆ ಪರಿಭಾಷೆಯನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಹಲವರು ಕೂಡಿ ಪುಟಗಳನ್ನು ಬರೆದು, ತಿದ್ದಿ, ತಿದ್ದುಪಡಿಯ ಇತಿಹಾಸವನ್ನೂ ಉಳಿಸಿಕೊಳ್ಳಲು ನೆರವಾಗುವ ತಂತ್ರಾಂಶವನ್ನು ದಾಖಲೀಕರಣ ತಂತ್ರಾಂಶವೆನ್ನಬಹುದು. 2004ರಲ್ಲಿ ಆಂಡ್ರಿಯಾಸ್ ಗೋರ್ ಅವರು ಬಿಡುಗಡೆ ಮಾಡಿದ ಡೊಕುವಿಕಿ ಇಂತಹ ಒಂದು ಮುಕ್ತ ತಂತ್ರಾಂಶ. ಅದಕ್ಕೆ ದತ್ತಸಂಚಯ ಬೇಕಿಲ್ಲ. ಪ್ರತಿಯೊಂದು ಪುಟವೂ ಸಾದಾ ಪಠ್ಯದ ಒಂದು ಕಡತವಾಗಿ ಉಳಿಯುತ್ತದೆ. ಹಣಬಲ ಕಡಿಮೆಯಿರುವ ಸಂಸ್ಥೆಗಳಿಗೆ ಇದು ಅನುಕೂಲಕರ. ಮೂಲ ತಂತ್ರಾಂಶದಲ್ಲಿ ಇಲ್ಲದ ಸೌಲಭ್ಯವನ್ನು ಪ್ಲಗಿನ್‌ಗಳ ಮೂಲಕ ಸೇರಿಸಿಕೊಳ್ಳಬಹುದು. ಕೋಷ್ಟಕರೂಪದ ದತ್ತಾಂಶವನ್ನು ಸಿಎಸ್‌ವಿ ಕಡತದಿಂದ ಓದಿ ಒಳಗೆ ತರುವ ಪ್ಲಗಿನ್‌ಗಳು ಇವುಗಳಲ್ಲಿ ಒಂದು ಬಗೆ. ಸ್ಟ್ರಕ್ಟ್ ಎಂಬುದು ಇದಕ್ಕೊಂದು ಪರಿಚಿತ ಉದಾಹರಣೆ.

ಸ್ವಯಂಚಾಲಿತ ಪರೀಕ್ಷೆಯ ತತ್ತ್ವ ಸರಳವಾದುದು. ಒಂದು ಮೂಲಸಾಲನ್ನು ಕೊಡಬೇಕು. ಆಮದಾದ ಮೇಲೆ ಅದು ಯಾವ ರೂಪದಲ್ಲಿರಬೇಕು ಎಂಬ ನಿರೀಕ್ಷಿತ ಫಲಿತವನ್ನು ಮೊದಲೇ ಬರೆದಿಡಬೇಕು. ಯಂತ್ರವು ದೊರೆತ ಫಲಿತವನ್ನು ನಿರೀಕ್ಷಿತದೊಡನೆ ಹೋಲಿಸಿ ಸರಿ ಅಥವಾ ತಪ್ಪು ಎಂದು ಹೇಳಬೇಕು. ಡೊಕುವಿಕಿಯಲ್ಲಿ ಈ ಪರೀಕ್ಷೆಗಳು ಪಿಎಚ್‌ಪಿಯುನಿಟ್ ಎಂಬ ಚೌಕಟ್ಟನ್ನು ಬಳಸುತ್ತವೆ. ಪ್ರತಿಯೊಂದು ಪ್ಲಗಿನ್ ತನ್ನ ಪರೀಕ್ಷೆಗಳನ್ನು ತನ್ನದೇ ಕಡತಕೋಶದಲ್ಲಿ ಇಟ್ಟುಕೊಳ್ಳಬಹುದು. ಗಿಟ್‌ಹಬ್‌ನಂತಹ ತಾಣದಲ್ಲಿ ಪ್ಲಗಿನ್ ಬೆಳೆಯುತ್ತಿದ್ದರೆ, ಯಾರಾದರೂ ಅದರಲ್ಲಿ ಒಂದು ಸಾಲನ್ನು ಬದಲಿಸಿದ ಕೂಡಲೇ ಎಲ್ಲ ಪರೀಕ್ಷೆಗಳೂ ತಾವಾಗಿಯೇ ಮರಳಿ ನಡೆಯುವಂತೆ ಏರ್ಪಡಿಸಬಹುದು. ಒಮ್ಮೆ ಬರೆದಿಟ್ಟ ಪರೀಕ್ಷೆ ಹೀಗೆ ವರ್ಷಗಟ್ಟಲೆ ಕಾವಲು ಕಾಯುತ್ತದೆ.

ಈ ವ್ಯವಸ್ಥೆಯ ಬಲವೂ ದೌರ್ಬಲ್ಯವೂ ಒಂದೇ ಕಡೆ ಇವೆ. ಯಾವ ಉದಾಹರಣೆಯನ್ನು ಕೊಡಲಾಗಿದೆಯೋ ಅದನ್ನು ಮಾತ್ರ ಯಂತ್ರ ಪರೀಕ್ಷಿಸುತ್ತದೆ. ಪರೀಕ್ಷೆಯ ಉದಾಹರಣೆಗಳೆಲ್ಲ ರೋಮನ್ ಲಿಪಿಯಲ್ಲಿದ್ದರೆ ಪ್ಲಗಿನ್ ಎಲ್ಲ ಪರೀಕ್ಷೆಗಳಲ್ಲಿಯೂ ತೇರ್ಗಡೆಯಾಗಿ, ಕನ್ನಡದ ಮೊದಲ ಕಡತದಲ್ಲಿಯೇ ಮುಗ್ಗರಿಸಬಹುದು.

2

ಇದಕ್ಕೆ ಪುಟದ ಹೆಸರಿನ ಸಮಸ್ಯೆಯೊಂದನ್ನು ಉದಾಹರಿಸಬಹುದು. ಕೆಲವು ಆಮದು ಪ್ಲಗಿನ್‌ಗಳು ಕೋಷ್ಟಕದ ಪ್ರತಿಸಾಲಿಗೂ ಒಂದೊಂದು ಪುಟವನ್ನು ನಿರ್ಮಿಸುತ್ತವೆ. ಶೀರ್ಷಿಕೆಯ ಅಂಕಣದಲ್ಲಿರುವ ಪಠ್ಯವೇ ಪುಟದ ಹೆಸರಾಗುತ್ತದೆ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟ್ ಬೇಕು. ಡೊಕುವಿಕಿಯು ಪೂರ್ವನಿಯೋಜಿತ ವ್ಯವಸ್ಥೆಯಲ್ಲಿ ಕಡತದ ಹೆಸರಿನ ಇಂತಹ ಪ್ರತಿ ಬೈಟನ್ನೂ ಶೇಕಡಾ ಚಿಹ್ನೆ ಮತ್ತು ಎರಡು ಅಕ್ಷರಗಳಾಗಿ ಬಿಡಿಸಿ ಬರೆಯುತ್ತದೆ. ಹೀಗಾಗಿ ಕನ್ನಡದ ಒಂದು ಸಂಕೇತ 9 ಸ್ಥಾನಗಳನ್ನು ಆಕ್ರಮಿಸುತ್ತದೆ. ಲಿನಕ್ಸ್‌ನ ಸಾಮಾನ್ಯ ಕಡತವ್ಯವಸ್ಥೆಗಳಲ್ಲಿ ಹೆಸರೊಂದರ ಗರಿಷ್ಠ ಉದ್ದ 255 ಬೈಟ್. 'ವಿಕ್ರಮಾರ್ಜುನವಿಜಯದ ಹಸ್ತಪ್ರತಿಗಳು' ಎಂಬ ಎರಡೇ ಪದಗಳ ಶೀರ್ಷಿಕೆಯಲ್ಲಿ ವ್ಯಂಜನ, ಸ್ವರಚಿಹ್ನೆ, ಹಲಂತಚಿಹ್ನೆ ಎಲ್ಲ ಸೇರಿ 29 ಸಂಕೇತಗಳಿವೆ. 29ನ್ನು 9ರಿಂದ ಗುಣಿಸಿದರೆ 261. ಆ ಪುಟ ಹುಟ್ಟುವಂತೆಯೇ ಇಲ್ಲ. ಇದೇ ಅರ್ಥದ ಇಂಗ್ಲಿಷ್ ಶೀರ್ಷಿಕೆ 50 ಸ್ಥಾನಗಳನ್ನೂ ಮುಟ್ಟದು.

ಇದಕ್ಕಿಂತ ಸೂಕ್ಷ್ಮವಾದ ಅಪಾಯವೊಂದು ಗಡಿರೇಖೆಯ ಮೇಲಿದೆ. 27 ಸಂಕೇತಗಳ ಹೆಸರು 243 ಸ್ಥಾನಗಳನ್ನು ಪಡೆಯುತ್ತದೆ. ಕೊನೆಯ 4 ಸ್ಥಾನಗಳ ಪ್ರತ್ಯಯ ಸೇರಿದರೂ ಕಡತ ಹಿಡಿಸುತ್ತದೆ. ಆದರೆ ತಿದ್ದುಪಡಿಯ ಇತಿಹಾಸಕ್ಕಾಗಿ ಉಳಿಸುವ ಪ್ರತಿಗೆ ಕಾಲಸೂಚಕ ಅಂಕಿಗಳೂ ಸಂಕುಚಿತ ಕಡತದ ಪ್ರತ್ಯಯವೂ ಸೇರಿ 18 ಸ್ಥಾನಗಳು ಹೆಚ್ಚಾಗಿ ಬೇಕು. ಒಟ್ಟು 261 ಆಗಿ ಮಿತಿ ಮೀರುತ್ತದೆ. ಪುಟವೇನೋ ಇರುತ್ತದೆ, ಅದರ ಹಿಂದಿನ ಪಾಠಗಳಿಗೆ ಮಾತ್ರ ಜಾಗವಿಲ್ಲ. ಪಾಠಾಂತರದ ಮಹತ್ತ್ವವನ್ನು ಬಲ್ಲವರಿಗೆ ಇದರ ಗಂಭೀರತೆಯನ್ನು ವಿವರಿಸಬೇಕಾಗಿಲ್ಲ. ಹೆಸರುಗಳನ್ನು ಬಿಡಿಸಿ ಬರೆಯದೆ ನೇರವಾಗಿ ಯುಟಿಎಫ್-8ರಲ್ಲಿಯೇ ಉಳಿಸುವ ಆಯ್ಕೆ ಡೊಕುವಿಕಿಯಲ್ಲಿದೆ. ಆದರೆ ಆ ಆಯ್ಕೆ ಅಗತ್ಯವೆಂಬುದು ಯಾರಿಗಾದರೂ ತಿಳಿಯಬೇಕಾದರೆ 26, 27 ಮತ್ತು 28 ಸಂಕೇತಗಳ ಮೂರು ಕನ್ನಡ ಹೆಸರುಗಳು ಪರೀಕ್ಷೆಯಲ್ಲಿ ಇರಬೇಕು.

3

ಲಿಪಿಯ ಒಳರಚನೆಗೆ ಬಂದರೆ ಪರೀಕ್ಷೆಯ ಅಗತ್ಯ ಇನ್ನೂ ಹೆಚ್ಚುತ್ತದೆ. 1991ರಲ್ಲಿ ಪ್ರಕಟವಾದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿತ್ತಾದರೂ ಕನ್ನಡದ ಅಚ್ಚುಕೆಲಸ ಬಹುಕಾಲ ಫಾಂಟ್ ಆಧಾರಿತ ಸಂಕೇತಗಳಲ್ಲಿಯೇ ನಡೆಯಿತು. ಅಲ್ಲಿ ಸಂಗ್ರಹವಾಗುತ್ತಿದ್ದುದು ಅಕ್ಷರವಲ್ಲ, ಅಕ್ಷರದ ಆಕಾರದ ತುಂಡುಗಳು. ಅವುಗಳ ಕ್ರಮ ಕಣ್ಣಿಗೆ ಕಾಣುವ ಕ್ರಮ. ಯೂನಿಕೋಡ್‌ನಲ್ಲಿ ಇರುವುದು ಉಚ್ಚಾರದ ಕ್ರಮ. ಈ ಎರಡರ ವ್ಯತ್ಯಾಸ ಅರ್ಕಾವತ್ತಿನಲ್ಲಿ ನಿಚ್ಚಳವಾಗುತ್ತದೆ. 'ಧರ್ಮ' ಎಂಬುದು ಹಳೆಯ ಕಡತದಲ್ಲಿ ಧ, ಮ, ಅರ್ಕಾವತ್ತು ಎಂಬ ಕ್ರಮದಲ್ಲಿರುತ್ತದೆ. ಆಮದು ಮಾಡುವಾಗ ರಕಾರವನ್ನು ಮಕಾರದ ಹಿಂದಕ್ಕೆ ತರಬೇಕು. 'ಕೀರ್ತಿ'ಯಲ್ಲಿ ಅದು ಸ್ವರಚಿಹ್ನೆಯನ್ನೂ ದಾಟಬೇಕು. 'ಮರ್ತ್ಯ'ದಲ್ಲಿ ತಕಾರ ಮತ್ತು ಯ ಒತ್ತುಗಳ ಇಡೀ ಸಂಯುಕ್ತವನ್ನು ದಾಟಬೇಕು. 'ಧರ್ಮ'ವನ್ನು ಸರಿಯಾಗಿ ಪರಿವರ್ತಿಸಿದ ಪ್ಲಗಿನ್ 'ಮರ್ತ್ಯ'ದಲ್ಲಿ ಎಡವಬಹುದು. ಆದ್ದರಿಂದ ಒಂದು ಪದದ ಬದಲು ಧರ್ಮ, ಕೀರ್ತಿ, ಮರ್ತ್ಯ, ಕರ್ತೃ ಎಂಬ ನಾಲ್ಕು ಪದಗಳ ವರ್ಗವೇ ಪರೀಕ್ಷೆಯಲ್ಲಿರಬೇಕು.

ಮಿಶ್ರರೂಪಗಳು ಇನ್ನೊಂದು ವರ್ಗ. ಓಕಾರದ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಅದರ ಮೂರು ಘಟಕಗಳ ಸರಣಿಯಾಗಿಯೂ ಬರೆಯಬಹುದು. ಎರಡೂ ಮಾನಕದ ದೃಷ್ಟಿಯಲ್ಲಿ ಸಮಾನ. ತೆರೆಯ ಮೇಲೆ 'ಕೋಶ' ಎರಡು ರೀತಿಯಲ್ಲಿಯೂ ಒಂದೇ ಆಗಿ ಕಾಣುತ್ತದೆ. ಆದರೆ ಬೈಟುಗಳನ್ನಷ್ಟೇ ಹೋಲಿಸುವ ಯಂತ್ರಕ್ಕೆ ಅವು ಎರಡು ಬೇರೆ ಪದಗಳು. ಒಂದು ರೂಪದಲ್ಲಿ ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಮೀಡಿಯಾವಿಕಿ ತಂತ್ರಾಂಶವು ಪಠ್ಯವನ್ನು ಉಳಿಸುವ ಮುನ್ನ ಇಂತಹ ರೂಪಗಳನ್ನು ಏಕರೂಪಕ್ಕೆ ತರುತ್ತದೆ. ಎಲ್ಲ ತಂತ್ರಾಂಶಗಳೂ ಹಾಗೆ ಮಾಡುತ್ತವೆಂದು ನಂಬುವಂತಿಲ್ಲ. ಹಾಗೆಯೇ 'ರ‍್ಯಾಂಕ್' ಎಂಬ ಬರಹದಲ್ಲಿ ರಕಾರವು ಅರ್ಕಾವತ್ತಾಗದಂತೆ ತಡೆಯುವ ಕಾಣದ ಸಂಕೇತವೊಂದಿದೆ. ಕಾಣದ ಚಿಹ್ನೆಗಳನ್ನೆಲ್ಲ ಕಸವೆಂದು ತೆಗೆಯುವ ಪ್ಲಗಿನ್ ಅದನ್ನು 'ರ್ಯಾಂಕ್' ಎಂದು ಮಾಡುತ್ತದೆ.

ಹಳಗನ್ನಡದ ಅಕ್ಷರಗಳ ವಿಷಯದಲ್ಲಿ ಪ್ರಮಾದ ಮಾನಕದಲ್ಲಿಯೇ ಸೇರಿಕೊಂಡಿದೆ. ಯೂನಿಕೋಡ್ ಪಟ್ಟಿಯಲ್ಲಿ ೞ ಅಕ್ಷರಕ್ಕೆ ಕೊಟ್ಟಿರುವ ಹೆಸರು 'ಕನ್ನಡ ಲೆಟರ್ ಎಫ್‌ಎ', ಅಂದರೆ ಫ಼ಕಾರ ಎಂದು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಯೂನಿಕೋಡ್‌ನ ನಿಯಮವಾದುದರಿಂದ ಆ ಹೆಸರು ಹಾಗೆಯೇ ಉಳಿದಿದೆ. ತಿದ್ದುಪಡಿಯನ್ನು ಪರ್ಯಾಯನಾಮವಾಗಿ ಮಾತ್ರ ಸೇರಿಸಲಾಗಿದೆ. ಹೆಸರನ್ನಷ್ಟೇ ಓದುವ ತಂತ್ರಜ್ಞನು 'ಫ಼ೈಲು' ಎಂಬಲ್ಲಿಯ ಅಕ್ಷರವನ್ನು ೞಕಾರಕ್ಕೆ ಹೊಂದಿಸಿದರೆ ಆತನನ್ನು ದೂಷಿಸಲಾಗದು. ಕೇಶಿರಾಜನ ಶಬ್ದಮಣಿದರ್ಪಣವನ್ನು ಓದಿದವರು ಮಾತ್ರ ಇಲ್ಲಿ ನಿಲ್ಲಿಸಿ ಕೇಳಬಲ್ಲರು. ಬಾಳ್ ಎಂದರೆ ಖಡ್ಗ, ಬಾೞ್ ಎಂದರೆ ಜೀವಿಸು. ಅರಿ ಎಂದರೆ ಕತ್ತರಿಸು, ಅಱಿ ಎಂದರೆ ತಿಳಿ. ಈ ಜೋಡಿಗಳು ಆಮದಿನ ನಂತರವೂ ಜೋಡಿಗಳಾಗಿಯೇ ಉಳಿದಿವೆಯೇ ಎಂಬ ಪರೀಕ್ಷೆಯನ್ನು ಹಳಗನ್ನಡದ ವಿದ್ಯಾರ್ಥಿ ಬರೆಯದಿದ್ದರೆ ಮತ್ತಾರೂ ಬರೆಯಲಾರರು.

ಅಕಾರಾದಿ ಕ್ರಮವೂ ಇದೇ ಬಗೆಯದು. ಯೂನಿಕೋಡ್‌ನ ಸಂಕೇತಕ್ರಮದಲ್ಲಿ ಳಕಾರವು ಲಕಾರದ ಬೆನ್ನಿಗೇ, ವಕಾರಕ್ಕಿಂತ ಮೊದಲು ಇದೆ. ಕನ್ನಡ ವರ್ಣಮಾಲೆಯಲ್ಲಿ ಅದರ ಸ್ಥಾನ ಹಕಾರದ ನಂತರ. ಕವಿ, ಕಸ, ಕಹಿ, ಕಳೆ ಎಂಬುದು ನಿಘಂಟಿನ ಕ್ರಮ; ಸಂಕೇತಕ್ರಮವನ್ನು ಅನುಸರಿಸುವ ಪ್ಲಗಿನ್ 'ಕಳೆ'ಯನ್ನು ಮೊದಲಿಗೆ ತಂದು ನಿಲ್ಲಿಸುತ್ತದೆ. ಈ ನಾಲ್ಕೇ ಪದಗಳ ಪರೀಕ್ಷೆ ಇಡೀ ಸೂಚಿಯ ಶಿಸ್ತನ್ನು ಕಾಯಬಲ್ಲದು.

4

ಇಷ್ಟಾದರೂ ಒಂದು ಆಕ್ಷೇಪ ಬರಬಹುದು. ಆಮದಾದ ಮೇಲೆ ಪುಟಗಳನ್ನು ಒಮ್ಮೆ ಓದಿ ಕರಡು ತಿದ್ದಿದರೆ ಸಾಲದೇ? ಗ್ರಂಥಸಂಪಾದನೆಯ ಅನುಭವವೇ ಇದಕ್ಕೆ ಉತ್ತರ ಕೊಡುತ್ತದೆ. ಓಲೆಗರಿಯ ಲಿಪಿಕಾರನು ತಪ್ಪುತ್ತಿದ್ದನು. ಆದರೆ ಒಬ್ಬೊಬ್ಬ ಲಿಪಿಕಾರನೂ ಒಂದೊಂದೆಡೆ ತಪ್ಪುತ್ತಿದ್ದನು. ಒಂದು ಪ್ರತಿಯಲ್ಲಿ ಕೆಟ್ಟ ಪಾಠ ಇನ್ನೊಂದರಲ್ಲಿ ಉಳಿದಿರುತ್ತಿತ್ತು. ಪ್ರತಿಗಳನ್ನು ಹೋಲಿಸಿ ಮೂಲಪಾಠವನ್ನು ಊಹಿಸುವ ಇಡೀ ಶಾಸ್ತ್ರ ನಿಂತಿರುವುದೇ ಈ ವೈವಿಧ್ಯದ ಮೇಲೆ. ಯಂತ್ರದ ತಪ್ಪು ಹಾಗಲ್ಲ. ಅದು ಒಂದು ನಿಯಮದ ತಪ್ಪು. ಹತ್ತು ಸಾವಿರ ಸಾಲುಗಳಲ್ಲಿ ಒಂದೇ ರೀತಿಯಾಗಿ ಮರುಕಳಿಸುತ್ತದೆ. ಆಮದಾದ ಪಠ್ಯದಿಂದ ಮುಂದೆ ಎಷ್ಟು ಪ್ರತಿ ತೆಗೆದರೂ ಎಲ್ಲವೂ ಅದೇ ತಪ್ಪನ್ನು ಹೊತ್ತಿರುತ್ತವೆ. ಎಲ್ಲ ಪ್ರತಿಗಳೂ ಒಪ್ಪುವ ಪಾಠವನ್ನು ಶಂಕಿಸುವುದು ಸಂಪಾದಕನಿಗೂ ಕಷ್ಟ. ಎಲ್ಲ ಬಾೞ್‌ಗಳೂ ಬಾಳ್‌ಗಳಾಗಿಬಿಟ್ಟ ಸಂಗ್ರಹದಲ್ಲಿ ಆ ಭೇದವಿತ್ತೆಂಬುದಕ್ಕೆ ಸಾಕ್ಷ್ಯವೇ ಇರುವುದಿಲ್ಲ. ಅಷ್ಟರೊಳಗೆ ಹಳೆಯ ಕಡತ ಕಳೆದುಹೋಗಿದ್ದರೆ ಹಿಂದಿರುಗುವ ದಾರಿಯೂ ಮುಚ್ಚುತ್ತದೆ.

ಕರಡು ತಿದ್ದುವಿಕೆಗೆ ಇನ್ನೊಂದು ಮಿತಿಯಿದೆ. ಅದು ಒಮ್ಮೆ ನಡೆದು ಮುಗಿಯುತ್ತದೆ, ತಂತ್ರಾಂಶ ಮುಗಿಯುವುದಿಲ್ಲ. ಮುಂದಿನ ವರ್ಷ ಪ್ಲಗಿನ್‌ನ ಹೊಸ ಆವೃತ್ತಿ ಬರುತ್ತದೆ. ಬೇರೊಂದು ಭಾಷೆಯ ತೊಂದರೆಯನ್ನು ನಿವಾರಿಸಲು ಮಾಡಿದ ಬದಲಾವಣೆ ಕನ್ನಡದ ಅರ್ಕಾವತ್ತನ್ನು ಕೆಡಿಸಬಹುದು. ಇಡೀ ಸಂಗ್ರಹವನ್ನು ಮತ್ತೆ ಓದಲು ಯಾರಿಗೂ ಸಾಧ್ಯವಿಲ್ಲ. ಪರೀಕ್ಷೆಗಳು ಕೆಲವೇ ಕ್ಷಣಗಳಲ್ಲಿ ಮರಳಿ ನಡೆದು, ಕೆಟ್ಟ ನಿಯಮವನ್ನು ಹೆಸರಿಸಿ ತೋರಿಸುತ್ತವೆ.

5

ಹಾಗಾದರೆ ನಿರೀಕ್ಷಿತ ಫಲಿತವನ್ನು ಎಲ್ಲಿಂದ ತರಬೇಕು? ಪರೀಕ್ಷೆಯ ಪ್ರಾಮಾಣ್ಯವೆಲ್ಲ ಈ ಪ್ರಶ್ನೆಯಲ್ಲಿದೆ. ಪ್ಲಗಿನ್ ಒಮ್ಮೆ ಕೊಟ್ಟ ಫಲಿತವನ್ನೇ ನಕಲಿಸಿ ಅದನ್ನೇ ನಿರೀಕ್ಷಿತವೆಂದು ಇಟ್ಟುಕೊಳ್ಳುವ ಸುಲಭದ ಹಾದಿಯೊಂದು ರೂಢಿಯಲ್ಲಿದೆ. ಮುಂದಿನ ಬದಲಾವಣೆಗಳನ್ನು ಗುರುತಿಸಲು ಇದು ಸಾಕು. ಮೊದಲ ಫಲಿತವೇ ತಪ್ಪಾಗಿದ್ದರೆ ಪರೀಕ್ಷೆಯು ಆ ತಪ್ಪಿಗೇ ಕಾವಲು ನಿಲ್ಲುತ್ತದೆ. ಆಮದು ಮಾಡಿದ್ದನ್ನು ಮರಳಿ ರಫ್ತು ಮಾಡಿ ಮೂಲದೊಡನೆ ಹೋಲಿಸುವ ವಿಧಾನ ಸ್ವಲ್ಪ ಮೇಲು. ಆದರೆ ಹೋಗುವಾಗ ಮಾಡಿದ ತಪ್ಪನ್ನು ಬರುವಾಗ ತಿರುವುಮುರುವಾಗಿ ಮಾಡಿದರೆ ಎರಡೂ ಸರಿಹೊಂದಿಬಿಡುತ್ತವೆ. ಆದ್ದರಿಂದ ನಿರೀಕ್ಷಿತ ಫಲಿತವನ್ನು ಯಂತ್ರದ ಹೊರಗಿನಿಂದಲೇ, ಮೂಲವನ್ನು ಕಣ್ಣಾರೆ ಓದಿದ ಮನುಷ್ಯನಿಂದಲೇ ತರಬೇಕು.

ಕನ್ನಡದ ಶಾಸ್ತ್ರಪರಂಪರೆಗೆ ಈ ಕ್ರಮ ಹೊಸದಲ್ಲ. ಕೇಶಿರಾಜನು ಸೂತ್ರವನ್ನು ಹೇಳಿ, ವೃತ್ತಿಯಲ್ಲಿ ವಿವರಿಸಿ, ಪ್ರಯೋಗಗಳನ್ನು ಕೊಟ್ಟನು. ಪ್ರಯೋಗವಿಲ್ಲದ ಸೂತ್ರವನ್ನು ಒಪ್ಪಬೇಕಾಗಿಲ್ಲ. ಪ್ರಯೋಗಕ್ಕೆ ವಿರುದ್ಧವಾದ ಸೂತ್ರವನ್ನು ತಿದ್ದಬೇಕು. ಪ್ಲಗಿನ್‌ನ ಪರಿವರ್ತನಾ ನಿಯಮವು ಸೂತ್ರದ ಸ್ಥಾನದಲ್ಲಿದೆ. ಪರೀಕ್ಷೆಯು ಪ್ರಯೋಗದ ಸ್ಥಾನದಲ್ಲಿದೆ. ಇಲ್ಲಿ ಪ್ರತಿಪ್ರಯೋಗಗಳಿಗೂ ಅಷ್ಟೇ ಬೆಲೆಯುಂಟು. ಹಳೆಯ ಕಡತಗಳಲ್ಲಿ ಅನುಸ್ವಾರದ ಬದಲು ಸೊನ್ನೆಯನ್ನೂ ವಿಸರ್ಗದ ಬದಲು ವಿವರಣಚಿಹ್ನೆಯನ್ನೂ ಒತ್ತಿರುವುದು ಅಪರೂಪವಲ್ಲ: 'ಅ೦ಕ', 'ದು:ಖ'. ಸೊನ್ನೆಗಳನ್ನೆಲ್ಲ ಅನುಸ್ವಾರವಾಗಿಸುವ ನಿಯಮ 'ಅಂಕ'ವನ್ನು ಸರಿಪಡಿಸುತ್ತಲೇ ೧೦ನ್ನು '೧ಂ' ಮಾಡುತ್ತದೆ. ಚಿಹ್ನೆಗಳನ್ನೆಲ್ಲ ವಿಸರ್ಗವಾಗಿಸುವ ನಿಯಮ 'ಕರ್ತೃ: ಪಂಪ' ಎಂಬುದನ್ನು 'ಕರ್ತೃಃ ಪಂಪ' ಮಾಡುತ್ತದೆ. ತಿದ್ದಬೇಕಾದುದರ ಜೊತೆಗೆ ಮುಟ್ಟಬಾರದುದನ್ನೂ ಪರೀಕ್ಷೆಯಲ್ಲಿ ಇರಿಸಬೇಕು.

ಇದರಿಂದ ಇನ್ನೊಂದು ವಿವೇಕವೂ ಹೊಮ್ಮುತ್ತದೆ. ಶಾಸನದ ಪಾಠದಲ್ಲಿ ಶಿಲ್ಪಿಯೇ ಬಿಟ್ಟ ಅಕ್ಷರವನ್ನು ಆಮದು ತಂತ್ರಾಂಶ ತುಂಬಿಕೊಡಬಾರದು. ಸಂಕೇತಾಂತರ ಅದರ ಕೆಲಸ. ಪಾಠಶೋಧನ ಸಂಪಾದಕರ ಕೆಲಸ. ಶಂಕೆಯಿರುವಲ್ಲಿ ಪ್ಲಗಿನ್ ಮೂಲವನ್ನು ಹಾಗೆಯೇ ಉಳಿಸಿ, ಶಂಕಿತ ಸಾಲುಗಳ ಪಟ್ಟಿಯನ್ನು ಕೊಡಬೇಕು. ಹಾಗೆ ಕೊಡುತ್ತದೆಯೇ ಎಂಬುದೂ ಪರೀಕ್ಷೆಗೆ ಒಳಪಡಬೇಕು.

6

ಸ್ವಯಂಚಾಲಿತ ಪರೀಕ್ಷೆಯನ್ನು ಸರ್ವರೋಗನಿವಾರಕವೆಂದು ಬಗೆಯುವುದೂ ತಪ್ಪಾಗುತ್ತದೆ. ಪರೀಕ್ಷೆಗಳು ದೋಷವಿದೆಯೆಂದು ತೋರಿಸಬಲ್ಲವು, ಇಲ್ಲವೆಂದು ಸಾಧಿಸಲಾರವು ಎಂಬುದು ಗಣಕವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ ಅವರ ಪ್ರಸಿದ್ಧ ಅಭಿಪ್ರಾಯ. ಎಲ್ಲ ಪರೀಕ್ಷೆಗಳಲ್ಲಿಯೂ ತೇರ್ಗಡೆಯಾದ ಪ್ಲಗಿನ್ ನಿರ್ದೋಷಿಯಲ್ಲ. ಕೇಳಿದ ಪ್ರಶ್ನೆಗಳಿಗೆ ಉತ್ತರಿಸಿದೆ, ಅಷ್ಟೆ. ಆದ್ದರಿಂದ ಪ್ರಶ್ನೆಗಳ ಗುಣವೇ ನಿರ್ಣಾಯಕ. ಹೊಸ ದೋಷವೊಂದು ಪತ್ತೆಯಾದಾಗಲೆಲ್ಲ ಮೊದಲು ಅದನ್ನು ಒಂದು ಪರೀಕ್ಷೆಯಾಗಿ ಬರೆದು, ಅನಂತರ ನಿಯಮವನ್ನು ತಿದ್ದುವ ಪದ್ಧತಿಯನ್ನು ಇಟ್ಟುಕೊಂಡರೆ ಪರೀಕ್ಷಾಸಂಗ್ರಹವು ಕಾಲಕ್ರಮದಲ್ಲಿ ಲಿಪಿಪ್ರಮಾದಗಳ ಒಂದು ಶಾಸ್ತ್ರೀಯ ಕೋಶವಾಗಿ ಬೆಳೆಯುತ್ತದೆ.

ಈ ಹಿನ್ನೆಲೆಯಲ್ಲಿ ಕನ್ನಡ ಅಧ್ಯಯನ ವಿಭಾಗಗಳು ಕೈಗೊಳ್ಳಬಹುದಾದ ಕೆಲವು ಕಾರ್ಯಗಳನ್ನು ಸೂಚಿಸಬಹುದು. ಮೊದಲನೆಯದಾಗಿ, ಅರ್ಕಾವತ್ತು, ಸಂಯುಕ್ತಾಕ್ಷರ, ಱ ೞ ಭೇದ, ಅನುಸ್ವಾರ ವಿಸರ್ಗಗಳ ಗೊಂದಲ, ಅಕಾರಾದಿ ಕ್ರಮ, ದೀರ್ಘ ಶೀರ್ಷಿಕೆ ಎಂಬ ವರ್ಗಗಳಲ್ಲಿ ಮೂಲ ಮತ್ತು ನಿರೀಕ್ಷಿತ ಫಲಿತಗಳ ಎರಡು ಅಂಕಣಗಳ ಪಟ್ಟಿಯೊಂದನ್ನು ಸಿದ್ಧಪಡಿಸಬೇಕು. ಇದಕ್ಕೆ ಪ್ರೋಗ್ರಾಮಿಂಗ್ ತಿಳಿದಿರಬೇಕಾಗಿಲ್ಲ. ಪಟ್ಟಿಯನ್ನು ಪರೀಕ್ಷೆಯ ಚೌಕಟ್ಟಿಗೆ ಜೋಡಿಸುವುದು ತಂತ್ರಜ್ಞರಿಗೆ ಅಲ್ಪಕಾಲದ ಕೆಲಸ. ಎರಡನೆಯದಾಗಿ, ಆ ಪಟ್ಟಿಯನ್ನು ಎಲ್ಲರೂ ಬಳಸುವಂತೆ ಮುಕ್ತ ಪರವಾನಗಿಯಲ್ಲಿ ಪ್ರಕಟಿಸಬೇಕು. ಡೊಕುವಿಕಿಗಾಗಿ ಮಾಡಿದ ಪಟ್ಟಿ ಬೇರೊಂದು ತಂತ್ರಾಂಶಕ್ಕೂ ಒದಗುತ್ತದೆ. ಮೂರನೆಯದಾಗಿ, ಹಸ್ತಪ್ರತಿಶಾಸ್ತ್ರ ಮತ್ತು ಗ್ರಂಥಸಂಪಾದನೆಯ ಪಠ್ಯಕ್ರಮದಲ್ಲಿ ಇದನ್ನು ಅಭ್ಯಾಸವಾಗಿ ಸೇರಿಸಬೇಕು. ನಾಲ್ಕನೆಯದಾಗಿ, ಆಮದು ಎಷ್ಟೇ ಯಶಸ್ವಿಯಾದರೂ ಹಳೆಯ ಕಡತಗಳನ್ನು ಅವುಗಳ ಫಾಂಟ್‌ಗಳ ಸಮೇತ ಕಾಯ್ದಿರಿಸಬೇಕು; ಅವು ಇಂದಿನ ಓಲೆಗರಿಗಳು.

ಇಂತಹ ಕೆಲಸಕ್ಕೆ ಸಂಶೋಧನೆಯ ಮನ್ನಣೆ ದೊರೆಯುವುದೇ ಎಂಬ ಪ್ರಶ್ನೆ ತರುಣ ಸಂಶೋಧಕರನ್ನು ಕಾಡುವುದು ಸಹಜ. ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕೊಡುವುದನ್ನು ಪಾಂಡಿತ್ಯವೆಂದು ಗೌರವಿಸುವ ವಿದ್ವತ್ಪರಂಪರೆ, ಪಾಠ ಕೆಡದಂತೆ ಮುಂಚಿತವಾಗಿಯೇ ಕಾಯುವ ಕೆಲಸವನ್ನು ಕೀಳೆಂದು ಭಾವಿಸಬೇಕಾದ ಕಾರಣವಿಲ್ಲ. ಮುಂದಿನ ತಲೆಮಾರಿನ ಸಂಶೋಧಕರು ಓದುವ ಪಂಪ, ರನ್ನ, ಶಾಸನ, ಪದಕೋಶಗಳು ಬಹುಮಟ್ಟಿಗೆ ಈಗ ನಡೆಯುತ್ತಿರುವ ಆಮದಿನ ಮೂಲಕ ದಾಟಿ ಬಂದ ಪಾಠಗಳೇ ಆಗಿರುತ್ತವೆ. ಅವರ ಕೈಗೆ ಬಾಳ್, ಬಾೞ್ ಎರಡೂ ಸಿಗಬೇಕೇ ಅಥವಾ ಒಂದು ಮಾತ್ರವೇ ಎಂಬುದು, ಈ ಹೊತ್ತು ಎರಡು ಅಂಕಣಗಳ ಒಂದು ಪಟ್ಟಿಯನ್ನು ಯಾರು ಬರೆಯುತ್ತಾರೆ ಎಂಬುದನ್ನು ಅವಲಂಬಿಸಿದೆ.